ನಮ್ಮೂರ ಕಡಲ ತಡಿ: ನಡೆದು ಕಲಿಯುವ ಒಂದು ಪಾಠ



"ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ" ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಕಾಸರಗೋಡಿನವರಾದ ನಮಗೆ ಈ ಗಾದೆ ಚೆನ್ನಾಗಿ ಒಪ್ಪುತ್ತದೆ. ರಾತ್ರಿ ಊರು ಮಲಗಿದ ಮೇಲೆ ಕಿವಿಗೊಟ್ಟರೆ ಕಡಲ ಮೊರೆತ ಕೇಳಿಸುವಷ್ಟು ಹತ್ತಿರದಲ್ಲಿ ನಮ್ಮಲ್ಲಿ ಅನೇಕರ ಮನೆಗಳಿವೆ. ಆದರೆ ತಿಮಿಂಗಿಲದ ಉದ್ದ ಎಷ್ಟು, ಪೆಂಗ್ವಿನ್ ಎಲ್ಲಿರುತ್ತದೆ ಎಂದು ಕೇಳಿದರೆ ತಟ್ಟನೆ ಕೈ ಎತ್ತುವ ಮಕ್ಕಳು, ಕಸಬಾ ಕಡಪ್ಪುರದ ಮರಳಿನಲ್ಲಿ ಬಿಲ ತೋಡಿಕೊಂಡಿರುವ ಏಡಿಯ ವಿಚಾರ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಉಪ್ಪಿಗೆ ಬಂದ ಬಡತನವೇ ಅರಿವಿಗೂ ಬಂದಿದೆ.

ಈ ಲೇಖನ ಆ ಬಡತನವನ್ನು ಸ್ವಲ್ಪ ಮಟ್ಟಿಗೆ ನೀಗುವ ಪ್ರಯತ್ನ. ಇದನ್ನು ಓದಿ ಮುಗಿಸಿದರೆ ಸಾಲದು. ಒಂದು ರಜಾದಿನ ಹಿರಿಯರೊಡನೆ ಕಡಲ ತಡಿಗೆ ಹೋಗಿ ಇಲ್ಲಿ ಹೇಳಿದ ಒಂದೊಂದನ್ನೂ ಕಣ್ಣಾರೆ ಕಾಣಬೇಕು. ಆಗ ಮಾತ್ರ ಪಾಠ ಪೂರ್ತಿಯಾಗುತ್ತದೆ.

ನದಿ, ಕಡಲು, ಕೋಟೆ

ಮೊದಲು ನಮ್ಮ ನೆಲದ ಪರಿಚಯ. ಪೂರ್ವದಲ್ಲಿ ಸಹ್ಯಾದ್ರಿ, ಪಶ್ಚಿಮದಲ್ಲಿ ಅರಬ್ಬೀ ಸಮುದ್ರ, ನಡುವೆ ಮುರಕಲ್ಲಿನ ಗುಡ್ಡಗಳು. ನಮ್ಮ ಜಿಲ್ಲೆಯಲ್ಲಿ 12 ನದಿಗಳು ಹರಿಯುತ್ತವೆ. ಅವುಗಳಲ್ಲಿ ಅತಿ ಉದ್ದವಾದುದು ಚಂದ್ರಗಿರಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿಯನ್ನು ಕೂಡಿಸಿಕೊಂಡು, 105 ಕಿಲೋಮೀಟರು ಹರಿದು ತಳಂಗರೆಯ ಬಳಿ ಅದು ಕಡಲನ್ನು ಸೇರುತ್ತದೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು ಹೊಳೆಗಳಿಗೂ ತಮ್ಮ ತಮ್ಮ ಅಳಿವೆಗಳಿವೆ. ನದಿ ಕಡಲಿಗೆ ಬೀಳುವ ಜಾಗವೇ ಅಳಿವೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಇಂಥ ಜಾಗಗಳೇ ಮೀನುಮರಿಗಳ ತೊಟ್ಟಿಲು.

ಅಳಿವೆಗಳು ಹಿಂದೆ ಬಂದರುಗಳೂ ಆಗಿದ್ದವು. 16ನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡ್ವಾರ್ಟೆ ಬಾರ್ಬೋಸನು ಕುಂಬಳೆಯಿಂದ ಮಾಲ್ದೀವ್ ದ್ವೀಪಗಳಿಗೆ ಅಕ್ಕಿ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲಕ್ಕೆ ಚಂದ್ರಗಿರಿ, ಬೇಕಲ ಕೋಟೆಗಳು ಎದ್ದು ನಿಂತವು. ಕಡಲನ್ನು ಕಾಯದೆ ನಾಡನ್ನು ಕಾಯಲಾಗದು ಎಂಬುದು ಮಲೆನಾಡಿನ ಅರಸರಿಗೂ ತಿಳಿದಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಗಿ ನಾವು ಕೇರಳಕ್ಕೆ ಸೇರಿದೆವು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಗಡಿಗಳು ನೆಲದ ಮೇಲೆ ಬದಲಾದವು. ಬಂಗುಡೆಯ ಹಿಂಡು ಮಾತ್ರ ಹಿಂದಿನಂತೆಯೇ ಮಲ್ಪೆಯ ಕಡಲಿನಲ್ಲೂ ನಮ್ಮ ಕಡಲಿನಲ್ಲೂ ಈಜಾಡುತ್ತಲೇ ಇದೆ.

ಬಲೆ, ದೋಣಿ ಮತ್ತು ಪಾಲು

ನಮ್ಮ ಕಡಲ ತಡಿಯಲ್ಲಿ ಮೊಗವೀರರು, ಮುಕ್ಕುವರು, ಮಾಪಿಳ್ಳೆಗಳು ತಲೆತಲಾಂತರದಿಂದ ಮೀನುಗಾರಿಕೆಯನ್ನು ನಂಬಿ ಬಾಳಿದವರು. ಅವರ ವಿದ್ಯೆ ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ. ನೀರಿನ ಬಣ್ಣ ಬದಲಾದುದನ್ನು ಕಂಡು, ಹಕ್ಕಿಗಳು ಒಂದೇ ಕಡೆ ಎರಗುವುದನ್ನು ನೋಡಿ, ಇಲ್ಲಿ ಮೀನಿನ ಹಿಂಡಿದೆ ಎಂದು ಹೇಳಬಲ್ಲವರು ಅವರು. ತೆಂಕಣ ಗಾಳಿ ಯಾವಾಗ ಬೀಸುತ್ತದೆ, ಬಡಗಣ ಗಾಳಿ ಯಾವಾಗ ತಿರುಗುತ್ತದೆ, ಅಮಾವಾಸ್ಯೆಯ ಸುತ್ತಿನಲ್ಲಿ ನೀರಿನ ಸೆಳೆತ ಹೇಗೆ, ಇದೆಲ್ಲ ಅವರಿಗೆ ಮಗ್ಗಿಯಂತೆ ಬಾಯಿಪಾಠ.

ಹಳೆಯ ದೋಣಿಗಳು ಮರದಿಂದಾದವು. ಮಾವು, ಹೆಬ್ಬಲಸು ಮೊದಲಾದ ದೊಡ್ಡ ಮರಗಳ ಕಾಂಡವನ್ನು ಕೆತ್ತಿ ತೋಡಿ ದೋಣಿ ಮಾಡುತ್ತಿದ್ದರು. ಕೆಲವು ದೋಣಿಗಳ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಮರ ಉಪ್ಪುನೀರಿಗೆ ಕೆಡದಂತೆ ಬೂತಾಯಿ ಎಣ್ಣೆ ಬಳಿಯುತ್ತಿದ್ದರು. ಬಲೆಗಳು ಸೆಣಬಿನ ಮತ್ತು ಹತ್ತಿಯ ನೂಲಿನವು. ಅವು ಬೇಗನೆ ಕೊಳೆಯದಂತೆ ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು. ನೈಲಾನ್ ನೂಲು ಬಂದ ಮೇಲೆ ಆ ಕೆಲಸ ತಪ್ಪಿತು. ಆದರೆ ಹರಿದ ಬಲೆಯನ್ನು ನೆರಳಿನಲ್ಲಿ ಕುಳಿತು ಕಣ್ಣು ಕಣ್ಣಾಗಿ ಹೆಣೆಯುವ ಕೈಗಳನ್ನು ಇಂದಿಗೂ ನಮ್ಮ ಕಡಲ ತಡಿಯಲ್ಲಿ ಕಾಣಬಹುದು.

ಬಲೆಗಳಲ್ಲಿ ಹಲವು ಬಗೆ. ಒಬ್ಬನೇ ನಿಂತು ಎಸೆಯುವುದು ಬೀಸುಬಲೆ. ನೀರಿನಲ್ಲಿ ಗೋಡೆಯಂತೆ ನಿಂತು, ನುಗ್ಗಿದ ಮೀನಿನ ಕಿವಿರನ್ನು ಹಿಡಿದು ನಿಲ್ಲಿಸುವುದು ಕಂತಬಲೆ. ಇವೆಲ್ಲಕ್ಕಿಂತ ಹಿರಿದು ದಡದಿಂದ ಎಳೆಯುವ ಬಲೆ. ಮಂಗಳೂರು, ಉಡುಪಿಗಳ ಕಡೆ ಇದು ರಂಪಣಿ, ಮಲಯಾಳದಲ್ಲಿ ಕಂಬವಲ. ದೋಣಿಯಲ್ಲಿ ಬಲೆಯನ್ನು ಒಯ್ದು ಮೀನಿನ ಹಿಂಡಿನ ಸುತ್ತ ಅರ್ಧಚಂದ್ರಾಕಾರವಾಗಿ ಬಿಟ್ಟು ಬರುವುದು, ಬಳಿಕ ಎರಡೂ ತುದಿಗಳ ಹಗ್ಗ ಹಿಡಿದು ಜನ ಸಾಲಾಗಿ ನಿಂತು ದಡಕ್ಕೆ ಎಳೆಯುವುದು ಇದರ ಕ್ರಮ. ದೊಡ್ಡ ರಂಪಣಿಗೆ ನೂರರಷ್ಟು ಜನ ಬೇಕಾಗುತ್ತಿತ್ತು. ಮೀನು ಸಿಕ್ಕಿದ ಮೇಲೆ ಅದನ್ನು ಪಾಲು ಮಾಡುತ್ತಿದ್ದರು. ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ದುಡಿದ ಕೈಗಳಿಗೆ ಒಂದೊಂದು ಪಾಲು. ಸಿಕ್ಕಿದರೆ ಎಲ್ಲರಿಗೂ ಸಿಕ್ಕಿತು, ಇಲ್ಲವಾದರೆ ಯಾರಿಗೂ ಇಲ್ಲ. ನೂರು ಜನರ ಒಲೆ ಹೀಗೆ ಒಂದೇ ಹಗ್ಗದ ಮೇಲೆ ನಿಂತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಕರ್ನಾಟಕ ಕರಾವಳಿಗೆ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿದು ಎತ್ತತೊಡಗಿದ ಮೇಲೆ ದೊಡ್ಡ ರಂಪಣಿಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು.

ಜಗಳ, ವ್ಯಾಜ್ಯಗಳ ತೀರ್ಮಾನಕ್ಕೂ ಕಡಲ ತಡಿಗೆ ತನ್ನದೇ ಕ್ರಮವಿದೆ. ನಮ್ಮ ಜಿಲ್ಲೆಯ ಕೆಲವು ಭಗವತಿ ಕ್ಷೇತ್ರಗಳಿಗೆ ಸೇರಿದಂತೆ "ಕಡಲ್ ಕೋಡತಿ", ಅಂದರೆ ಕಡಲ ನ್ಯಾಯಾಲಯ, ಎಂಬ ಏರ್ಪಾಡು ಬಹುಕಾಲದಿಂದ ಬಂದಿದೆ. ಕ್ಷೇತ್ರದ ಸ್ಥಾನಿಕರೂ ಹಿರಿಯರೂ ಕುಳಿತು ಎರಡೂ ಕಡೆಯವರ ಮಾತನ್ನು ಕೇಳಿ ತೀರ್ಪು ಹೇಳುತ್ತಾರೆ.

ಹೆಂಗಸರ ದುಡಿಮೆಯನ್ನು ಹೇಳದೆ ಈ ಭಾಗವನ್ನು ಮುಗಿಸುವಂತಿಲ್ಲ. ದಡಕ್ಕೆ ಬಂದ ಮೀನನ್ನು ಏಲಂನಲ್ಲಿ ಹಿಡಿದು, ಬುಟ್ಟಿಯಲ್ಲಿ ಹೊತ್ತು, ಮನೆಮನೆಗೆ ನಡೆದು ಮಾರಿದವರು ಅವರು. ಉಳಿದ ಮೀನಿಗೆ ಉಪ್ಪು ಸವರಿ ಒಣಗಿಸಿ ಮಳೆಗಾಲಕ್ಕೆ ಕಾದಿಟ್ಟವರೂ ಅವರೇ. ತಕ್ಕಡಿಯಿಲ್ಲದೆ, ಕಾಗದವಿಲ್ಲದೆ, ಹತ್ತಾರು ಮನೆಗಳ ಸಾಲದ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡವರು. ಗಣಿತ ಕಷ್ಟ ಎನ್ನುವ ಮಕ್ಕಳು ಅವರನ್ನು ಒಮ್ಮೆ ನೆನೆಯಬೇಕು.

ಬೂತಾಯಿಯ ಕತೆ

ನಮ್ಮ ಕಡಲಿನಲ್ಲಿ ಅಂಜಲ್ ಇದೆ, ಮಾಂಜಿ ಇದೆ. ಆದರೆ ಬಡವನ ತಟ್ಟೆಯನ್ನು ತುಂಬಿದ ಮೀನು ಬೂತಾಯಿ. ನಮ್ಮ ನೆರೆಯ ಮಲಯಾಳಿಗಳಿಗೆ ಅದು ಮತ್ತಿ. ಸಾಮಾನ್ಯವಾಗಿ ಒಂದು ಗೇಣಿಗಿಂತ ಚಿಕ್ಕದಾದ, ಎರಡೂವರೆ ಮೂರು ವರ್ಷ ಮಾತ್ರ ಬಾಳುವ ಈ ಪುಟ್ಟ ಮೀನಿನ ಮೇಲೆ ನಮ್ಮ ಕರಾವಳಿಯ ಲಕ್ಷಾಂತರ ಜನರ ಬದುಕು ನಿಂತಿದೆ. ಹಿಂದೆ ಬೂತಾಯಿ ಹೇರಳವಾಗಿ ಬಂದಾಗ ತಿಂದು ಉಳಿದುದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು.

ಬೂತಾಯಿ ಏನನ್ನು ತಿನ್ನುತ್ತದೆ? ಇದರ ಉತ್ತರದಲ್ಲಿ ಮಳೆಗಾಲದ ಒಂದು ಸೋಜಿಗವಿದೆ. ಮುಂಗಾರಿನ ಕಾಲದಲ್ಲಿ ಬೀಸುವ ಗಾಳಿಯಿಂದಾಗಿ ನಮ್ಮ ಕರಾವಳಿಯ ಮೇಲುನೀರು ಆಳ ಕಡಲಿನ ಕಡೆಗೆ ಸರಿಯುತ್ತದೆ. ಆ ಜಾಗವನ್ನು ತುಂಬಲು ತಳದ ತಣ್ಣೀರು ಮೇಲಕ್ಕೆ ಏರಿ ಬರುತ್ತದೆ. ತಳದಲ್ಲಿ ಸಂಗ್ರಹವಾಗಿದ್ದ ಸಾರವೆಲ್ಲ ಅದರೊಂದಿಗೆ ಮೇಲೆ ಬರುತ್ತದೆ. ನದಿಗಳೂ ಮಣ್ಣಿನ ಸಾರವನ್ನು ತಂದು ಸುರಿಯುತ್ತವೆ. ಬಿಸಿಲು ಮತ್ತು ಸಾರ ಎರಡೂ ಸಿಕ್ಕಾಗ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಕಣಗಳು ಕೋಟಿ ಕೋಟಿಯಾಗಿ ಬೆಳೆಯುತ್ತವೆ. ಬೂತಾಯಿ ಬಾಯಿ ತೆರೆದು ಈಜುತ್ತ, ಕಿವಿರಿನಲ್ಲಿರುವ ಬಾಚಣಿಗೆಯಂಥ ಎಳೆಗಳಿಂದ ಆ ಕಣಗಳನ್ನು ಸೋಸಿ ತಿನ್ನುತ್ತದೆ. ಗದ್ದೆಗೆ ಮಳೆ ಹೇಗೋ ಕಡಲಿಗೂ ಮಳೆಗಾಲ ಹಾಗೆಯೇ. ಅದು ಬಿತ್ತನೆಯ ಕಾಲ. ಆ ತಿಂಗಳುಗಳಲ್ಲೇ ಬೂತಾಯಿ ಮೊಟ್ಟೆಯಿಡುತ್ತದೆ.

ಬಿತ್ತನೆಯ ಗದ್ದೆಗೆ ದನ ನುಗ್ಗಿಸಿದರೆ ಏನಾದೀತು? ಯಾಂತ್ರೀಕೃತ ದೋಣಿಗಳು ಬಂದ ಮೇಲೆ ಕಡಲಿನಲ್ಲಿ ಆದದ್ದು ಅದೇ. 1953ರಲ್ಲಿ ನಾರ್ವೆ ದೇಶದ ಸಹಾಯದಿಂದ ಕೊಲ್ಲಂ ಸಮೀಪದ ನೀಂಡಕರೆಯಲ್ಲಿ ಯಂತ್ರದ ದೋಣಿಗಳ ಯೋಜನೆ ಆರಂಭವಾಯಿತು. ಅದರಿಂದ ಮೀನು ಹೆಚ್ಚಿತು, ಹಣವೂ ಬಂತು. ಆದರೆ ಕಡಲ ತಳವನ್ನು ಬಳಿದು ತರುವ ಟ್ರಾಲ್ ಬಲೆ ಬೇಕಾದುದನ್ನೂ ಬೇಡವಾದುದನ್ನೂ, ತಾಯಿಯನ್ನೂ ಮರಿಯನ್ನೂ ಒಟ್ಟಿಗೆ ಎತ್ತಿತು. ಕೈದೋಣಿಯ ಮೀನುಗಾರರು ಬೀದಿಗಿಳಿದು ಹೋರಾಡಿದರು. 1980ರಲ್ಲಿ ಕೇರಳ ಸಾಗರ ಮೀನುಗಾರಿಕಾ ನಿಯಂತ್ರಣ ಕಾಯಿದೆ ಬಂತು. 1988ರಿಂದ ಮಳೆಗಾಲದಲ್ಲಿ ಟ್ರಾಲ್ ದೋಣಿಗಳಿಗೆ ನಿಷೇಧ ಬಂತು. ಈಗ ನಮ್ಮ ರಾಜ್ಯದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಈ ನಿಷೇಧವಿರುತ್ತದೆ. ಸಾಂಪ್ರದಾಯಿಕ ದೋಣಿಗಳಿಗೆ ಇದು ಅನ್ವಯಿಸುವುದಿಲ್ಲ.

ಇಷ್ಟಾದರೂ ಕಷ್ಟ ತಪ್ಪಲಿಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1947ರಲ್ಲಿ ಸ್ಥಾಪನೆಯಾದದ್ದು, ಈಗ ಕೊಚ್ಚಿಯಲ್ಲಿದೆ. ಅದು ಇಟ್ಟ ಲೆಕ್ಕವನ್ನು ನೋಡಿ. 2012ರಲ್ಲಿ ಕೇರಳದಲ್ಲಿ ಸಿಕ್ಕಿದ ಬೂತಾಯಿ ಸುಮಾರು 3.9 ಲಕ್ಷ ಟನ್ನು. 2021ರಲ್ಲಿ ಸಿಕ್ಕಿದ್ದು 3,297 ಟನ್ನು. ಭಾಗಾಕಾರ ಮಾಡಿದರೆ ನೂರಕ್ಕೂ ಹೆಚ್ಚು ಪಟ್ಟು ಇಳಿಕೆ! ಒಂಬತ್ತು ವರ್ಷಗಳಲ್ಲಿ ಒಂದು ಮೀನು ನಮ್ಮ ಬುಟ್ಟಿಯಿಂದ ಬಹುಮಟ್ಟಿಗೆ ಮಾಯವಾಯಿತು. ಕಡಲ ನೀರು ಬಿಸಿಯಾದುದು, ಮಳೆಯ ಕ್ರಮ ತಪ್ಪಿದುದು, ಎಳೆ ಮರಿಗಳನ್ನೇ ಬಾಚಿ ಹಿಡಿದುದು, ಇವೆಲ್ಲ ಕಾರಣಗಳು. ಆಮೇಲೆ ಬೂತಾಯಿ ಮತ್ತೆ ಬಂತು. 2023ರಲ್ಲಿ ಒಂದು ಲಕ್ಷ ಟನ್ನನ್ನು ದಾಟಿತು. ಕಡಲಿಗೆ ಚೇತರಿಸಿಕೊಳ್ಳುವ ಶಕ್ತಿಯಿದೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಆ ಶಕ್ತಿಗೆ ನಾವು ಸಮಯ ಕೊಡಬೇಕು.

ಅದಕ್ಕಾಗಿಯೇ ಕೇರಳದಲ್ಲಿ ಹಿಡಿಯಬಹುದಾದ ಮೀನಿನ ಕನಿಷ್ಠ ಅಳತೆಯನ್ನು ಗೊತ್ತುಪಡಿಸಿದ್ದಾರೆ. ಬೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14 ಸೆಂಟಿಮೀಟರು. ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲಿರುವ ಅಡಿಪಟ್ಟಿ 15 ಸೆಂಟಿಮೀಟರಿನದು. ಮನೆಗೆ ತಂದ ಮೀನನ್ನು ಒಮ್ಮೆ ಅದರ ಪಕ್ಕದಲ್ಲಿಟ್ಟು ಅಳೆದು ನೋಡಿ. ಒಂದು ಸಲವಾದರೂ ಮೊಟ್ಟೆಯಿಡುವ ಮೊದಲೇ ಬಲೆಗೆ ಬಿದ್ದ ಮೀನು ಎಂದರೆ ಬೀಜದ ಭತ್ತವನ್ನೇ ಕುಟ್ಟಿ ಉಂಡಂತೆ.

ನೋಡುತ್ತ ನಡೆಯೋಣ

ಇನ್ನು ನಡಿಗೆಗೆ ಹೊರಡೋಣ. ಕಡಲಿನ ಉಬ್ಬರ ಇಳಿತಗಳು ದಿನಕ್ಕೆ ಎರಡೆರಡು ಬಾರಿ ಆಗುತ್ತವೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನೋಡಲು ಹೋಗುವವರು ಇಳಿತದ ಹೊತ್ತನ್ನೇ ಆರಿಸಬೇಕು. ಮಳೆಗಾಲದಲ್ಲಿ ಖಂಡಿತ ಹೋಗಕೂಡದು.

ಮೊದಲನೆಯ ನಿಲುಗಡೆ: ಮರಳು. ಕಸಬಾ ಕಡಪ್ಪುರದ ಮರಳು ಖಾಲಿ ಎಂದು ತೋರುತ್ತದೆ. ಸದ್ದು ಮಾಡದೆ ಹತ್ತು ನಿಮಿಷ ಕುಳಿತುಕೊಳ್ಳಿ. ಬಿಲಗಳಿಂದ ಮರಳಿನ ಬಣ್ಣದ ಏಡಿಗಳು ಹೊರಬರುತ್ತವೆ. ಕಡ್ಡಿಯ ತುದಿಯಲ್ಲಿಟ್ಟಂತಿರುವ ಅವುಗಳ ಕಣ್ಣು ಸುತ್ತಲೂ ನೋಡಬಲ್ಲದು. ನೀವು ಕೈ ಆಡಿಸಿದಿರೋ, ಅಡ್ಡಡ್ಡವಾಗಿ ಓಡಿ ಮಾಯವಾಗುತ್ತವೆ. ಸತ್ತ ಮೀನು, ಕೊಳೆತ ವಸ್ತು ಎಲ್ಲವನ್ನೂ ತಿಂದು ತಡಿಯನ್ನು ಚೊಕ್ಕಟವಾಗಿಡುವ ಜಾಡಮಾಲಿಗಳು ಇವು. ಒದ್ದೆ ಮರಳಿನ ಮೇಲೆ ಸಾಸಿವೆ, ಮೆಣಸಿನ ಕಾಳಿನಂಥ ಉಂಡೆಗಳನ್ನು ಸಾಲಾಗಿ ಇಟ್ಟಿರುವುದನ್ನು ಕಾಣಬಹುದು. ಅದು ಇನ್ನೂ ಸಣ್ಣ ಜಾತಿಯ ಏಡಿಯ ಕೆಲಸ. ಮರಳಿಗಂಟಿದ ಆಹಾರವನ್ನು ಬಾಯಿಯಲ್ಲಿ ಬಿಡಿಸಿಕೊಂಡು ಉಳಿದ ಮರಳನ್ನು ಉಂಡೆ ಮಾಡಿ ಬಿಟ್ಟಿರುತ್ತದೆ. ತೆರೆ ಬಂದು ಹಿಂದಿರುಗುವ ಜಾಗದಲ್ಲಿ ಕಾಲಿಟ್ಟರೆ ಬೆಣೆಯಾಕಾರದ ಪುಟ್ಟ ಚಿಪ್ಪುಗಳು ತಲೆಕೆಳಗಾಗಿ ಮರಳಿನೊಳಗೆ ಇಳಿದುಬಿಡುತ್ತವೆ.

ದಡಕ್ಕೆ ಬಂದು ಬಿದ್ದಿರುವ ಬಿಳಿಯ, ಹಗುರವಾದ, ದೋಣಿಯಾಕಾರದ ವಸ್ತುವನ್ನು ನೀವು ಕಂಡಿರಬಹುದು. ಅದು ಕಪ್ಪೆಬೊಂಡಾಸ್ ಜಾತಿಯ ಜೀವಿಯ ಬೆನ್ನೊಳಗಿನ ಚಿಪ್ಪು. ಅದರ ತುಂಬ ಗಾಳಿಯ ಕೋಣೆಗಳಿವೆ. ಅವುಗಳ ಸಹಾಯದಿಂದ ಆ ಜೀವಿ ನೀರಿನಲ್ಲಿ ತೇಲುತ್ತದೆ, ಮುಳುಗುತ್ತದೆ. ನಾಟಿ ವೈದ್ಯರು ಸಮುದ್ರಫೇನ ಎಂದು ಕರೆಯುವುದು ಇದನ್ನೇ. ಲೋಳೆಮೀನುಗಳೂ ಕೆಲವೊಮ್ಮೆ ದಡ ಸೇರಿರುತ್ತವೆ. ಅವನ್ನು ಮುಟ್ಟಬೇಡಿ, ಸತ್ತ ಮೇಲೂ ಅವುಗಳ ಎಳೆಗಳು ಚುಚ್ಚಬಲ್ಲವು.

ಎರಡನೆಯ ನಿಲುಗಡೆ: ಅಳಿವೆ. ಚಂದ್ರಗಿರಿಯ ಅಳಿವೆಯ ಕಡೆಗೆ ಬಂದರೆ ಕೆಸರಿನಲ್ಲಿ ನಿಂತ ಕಾಂಡ್ಲಾ ಗಿಡಗಳನ್ನು ಕಾಣಬಹುದು. ಕೆಲವಕ್ಕೆ ಊರುಗೋಲಿನಂಥ ಬೇರುಗಳು. ಇನ್ನು ಕೆಲವಕ್ಕೆ ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂತೆ ಚಾಚಿದ ಬೇರುಗಳು. ಗಾಳಿಯಿಲ್ಲದ ಕೆಸರಿನಲ್ಲಿ ಉಸಿರಾಡಲು ಗಿಡ ಕಂಡುಕೊಂಡ ಉಪಾಯವಿದು. ಈ ಬೇರುಗಳ ನಡುವೆ ಸಿಗಡಿ ಮರಿ, ಮೀನುಮರಿಗಳು ದೊಡ್ಡ ಮೀನಿನ ಬಾಯಿಯಿಂದ ತಪ್ಪಿಸಿಕೊಂಡು ಬೆಳೆಯುತ್ತವೆ. ದಡದ ಮಣ್ಣು ಕೊಚ್ಚಿಹೋಗದಂತೆಯೂ ಇವು ತಡೆಯುತ್ತವೆ. ನಮ್ಮ ನೆರೆಯ ಕಣ್ಣೂರು ಜಿಲ್ಲೆಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬ ಕೃಷಿ ಕಾರ್ಮಿಕರು 1989ರಿಂದ ತಮ್ಮ ಕೈಯಾರೆ ಕಾಂಡ್ಲಾ ಗಿಡಗಳನ್ನು ನೆಟ್ಟು ಬೆಳೆಸಿದರು. ಹೆಚ್ಚು ಓದಿದವರಲ್ಲದಿದ್ದರೂ 2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ವಿದ್ವಾಂಸರಿಗೂ ಪಾಠ ಹೇಳುವಷ್ಟು ಬಲ್ಲವರಾಗಿದ್ದರು.

ಮೂರನೆಯ ನಿಲುಗಡೆ: ಬಂಡೆ. ಇದಕ್ಕಾಗಿ ಬಸ್ಸು ಹತ್ತಿ ತೆಂಕಣ ದಿಕ್ಕಿಗೆ ಸುಮಾರು 12 ಕಿಲೋಮೀಟರು ದೂರದ ಬೇಕಲಕ್ಕೆ ಹೋಗಬೇಕು. ಕೋಟೆ ನೋಡಲು ಬರುವ ಜನ ಮೇಲಿನಿಂದಲೇ ಕಡಲನ್ನು ನೋಡಿ ಹಿಂದಿರುಗುತ್ತಾರೆ. ಇಳಿತದ ಹೊತ್ತಿನಲ್ಲಿ ಬುಡದ ಬಂಡೆಗಳನ್ನು ನೋಡಿ. ಸುಣ್ಣದ ಪುಟ್ಟ ಗೋಪುರಗಳಂತೆ ಕಲ್ಲಿಗಂಟಿರುವವು ಬಾರ್ನಕಲ್‌ಗಳು. ನೋಡಲು ಚಿಪ್ಪಿನಂತಿದ್ದರೂ ಇವು ಸಿಗಡಿ, ಏಡಿಗಳ ನೆಂಟರು. ಪಕ್ಕದಲ್ಲಿ ಸಿಂಪಿಗಳು. ಬಂಡೆಯ ಕುಳಿಗಳಲ್ಲಿ ನಿಂತ ನೀರಿನಲ್ಲಿ ಹಸಿರು ಕಡಲಪಾಚಿ, ಮುಟ್ಟಿದರೆ ಮುದುಡುವ ಕಡಲ ಹೂ. ಅದು ಹೂವಲ್ಲ, ಬೇಟೆಯಾಡುವ ಪ್ರಾಣಿ. ಸತ್ತ ಶಂಖದ ಚಿಪ್ಪಿನೊಳಗೆ ಸೇರಿಕೊಂಡು ಮನೆ ಹೊತ್ತು ನಡೆಯುವ ಸನ್ಯಾಸಿ ಏಡಿಯನ್ನೂ ಕಾಣಬಹುದು. ಬೆಳೆದಂತೆ ಅದಕ್ಕೆ ದೊಡ್ಡ ಚಿಪ್ಪು ಬೇಕು. ಆದುದರಿಂದ ತಡಿಯ ಚಿಪ್ಪುಗಳನ್ನೆಲ್ಲ ಚೀಲ ತುಂಬ ಹೆಕ್ಕಿ ತರುವುದು ಒಳ್ಳೆಯದಲ್ಲ. ಒಬ್ಬರ ಆಟದ ವಸ್ತು ಇನ್ನೊಬ್ಬರ ಮನೆ. ಪಾಚಿಗಟ್ಟಿದ ಬಂಡೆ ಬಹಳ ಜಾರುತ್ತದೆ. ಹಿರಿಯರ ಕೈ ಬಿಡಬೇಡಿ.

ನಾಲ್ಕನೆಯ ನಿಲುಗಡೆ: ಆಮೆಯ ಮರಳು. ಇನ್ನೂ ತೆಂಕಣಕ್ಕೆ ಹೋದರೆ ನೀಲೇಶ್ವರದ ತೈಕಡಪ್ಪುರ ಸಿಗುತ್ತದೆ. ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆ ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ಮರಳಿಗೆ ಏರಿ ಬರುತ್ತದೆ. ಕುಳಿ ತೋಡಿ, ನೂರರ ಸುಮಾರಿಗೆ ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಕಡಲಿಗೆ ಹಿಂದಿರುಗುತ್ತದೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದು ಮರಳಿನ ಬಿಸಿಯನ್ನು ಅವಲಂಬಿಸಿದೆ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಗಳೇ ಹೆಚ್ಚು. ಹಿಂದೆ ಈ ಮೊಟ್ಟೆಗಳನ್ನು ಅಗೆದು ತಿನ್ನುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಈಗ ಅದೇ ಕಡಲ ತಡಿಯ ಯುವಕರು ಮೊಟ್ಟೆಗಳನ್ನು ಬೇಲಿಯೊಳಗೆ ಹೂತು ಕಾದು, ಮರಿಗಳನ್ನು ಕಡಲಿಗೆ ಬಿಡುತ್ತಾರೆ.

ಅಲ್ಲಿಂದ ಮುಂದೆ ಪಡನ್ನ, ಚೆರುವತ್ತೂರು, ವಲಿಯಪರಂಬಗಳ ಹಿನ್ನೀರಿನಲ್ಲಿ ಸಾಲಾಗಿ ನೆಟ್ಟ ಕಂಬಗಳನ್ನು ಕಾಣಬಹುದು. ಅದು ಕಲ್ಲುಮ್ಮಕ್ಕಾಯಿಯ ಕೃಷಿ. ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಹತ್ತಿಯ ಬಲೆಬಟ್ಟೆಯಿಂದ ಸುತ್ತಿ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮದೇ ನೂಲಿನಿಂದ ಹಗ್ಗವನ್ನು ಹಿಡಿದುಕೊಂಡಿರುತ್ತವೆ. ಮಳೆ ಬಂದು ನೀರಿನ ಉಪ್ಪು ಕಡಿಮೆಯಾಗುವ ಮೊದಲು ಕೊಯ್ಲು. 1990ರ ದಶಕದ ಕೊನೆಯಿಂದ ಇಲ್ಲಿನ ಮಹಿಳಾ ಸ್ವಸಹಾಯ ಸಂಘಗಳು ಈ ಕೃಷಿಯನ್ನು ಕೈಗೆತ್ತಿಕೊಂಡವು.

ಒಂದು ಮೀನು, ಹಲವು ಹೆಸರು

ಭಾಷೆಯ ಅಧ್ಯಾಪಕನಾದ ನನಗೆ ಮೀನು ಪೇಟೆ ಒಂದು ದೊಡ್ಡ ನಿಘಂಟಿನಂತೆ ಕಾಣುತ್ತದೆ. ನಮ್ಮ ಶಾಲೆಯ ಮಕ್ಕಳು ಕನ್ನಡದಲ್ಲಿ ಓದುತ್ತಾರೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ ಹೀಗೆ ಹಲವು ನುಡಿಗಳನ್ನಾಡುತ್ತಾರೆ. ಒಂದೇ ಬುಟ್ಟಿಯ ಮೀನಿಗೆ ಎಷ್ಟು ಹೆಸರುಗಳೆಂದು ನೋಡಿ.

ಬೂತಾಯಿ: ಕುಂದಾಪುರದ ಕನ್ನಡದಲ್ಲಿ ಬೈಗೆ, ಕೊಂಕಣಿಯಲ್ಲಿ ತಾರ್ಲೆ, ಮಲಯಾಳದಲ್ಲಿ ಮತ್ತಿ.
ಬಂಗುಡೆ: ಕೊಂಕಣಿಯಲ್ಲಿ ಬಾಂಗ್ಡೊ, ಮಲಯಾಳದಲ್ಲಿ ಅಯಲ.
ಅಂಜಲ್: ಮಲಯಾಳದಲ್ಲಿ ಅಯಕೂರ.
ಸಿಗಡಿ: ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ, ಮಲಯಾಳದಲ್ಲಿ ಚೆಮ್ಮೀನ್.
ಏಡಿ: ತುಳುವಿನಲ್ಲಿ ದೆಂಜಿ, ಮಲಯಾಳದಲ್ಲಿ ಞಂಡ್.

ಬೇರೆ ಬೇರೆ ಹೆಸರುಗಳ ನಡುವೆ ನೆಂಟಸ್ತನವೂ ಇದೆ. ಕನ್ನಡದ ಬಲೆ ಮಲಯಾಳದಲ್ಲಿ ವಲ. ನಮ್ಮ ಬೀಸು ಅವರ ವೀಶು. ಕನ್ನಡದ ಮೊದಲಕ್ಷರ ಬಕಾರವಿದ್ದಲ್ಲಿ ಮಲಯಾಳದಲ್ಲಿ ಅನೇಕ ಕಡೆ ವಕಾರ ಬರುತ್ತದೆ. ಹಾಗೆಯೇ ಚೆಮ್ಮೀನ್ ಎಂದರೆ ಕೆಂಪು ಮೀನು. ಕನ್ನಡದ "ಕೆಂ" ಮಲಯಾಳದಲ್ಲಿ "ಚೆಂ" ಆಗುತ್ತದೆ, ನಮ್ಮ ಕಿವಿ ಅವರ ಚೆವಿ ಆದಂತೆ. ಕಡಲು, ಮೀನು, ಉಪ್ಪು ಎಂಬ ಮಾತುಗಳಂತೂ ಎರಡೂ ನುಡಿಗಳಲ್ಲಿ ಹೆಚ್ಚುಕಡಿಮೆ ಒಂದೇ. ನಾವು ಕಾಂಡ್ಲಾ ಎಂದರೆ ಅವರು ಕಂಡಲ್ ಎನ್ನುತ್ತಾರೆ. ವ್ಯಾಕರಣದ ಈ ಪಾಠವನ್ನು ಪುಸ್ತಕದಿಂದ ಕಲಿತರೆ ಮರೆತುಹೋದೀತು. ಮೀನು ಪೇಟೆಯಲ್ಲಿ ಕಲಿತದ್ದು ಮರೆಯುವುದಿಲ್ಲ.

ಆದರೆ ಈ ಹೆಸರುಗಳು ಒಂದೊಂದಾಗಿ ಬಿಟ್ಟುಹೋಗುತ್ತಿವೆ. ಹಿರಿಯ ಮೀನುಗಾರನೊಬ್ಬನಿಗೆ ನೂರಾರು ಜಾತಿಯ ಹೆಸರು ಗೊತ್ತು. ಅವನ ಮೊಮ್ಮಗನಿಗೆ ಹತ್ತು ಗೊತ್ತಿದ್ದರೆ ಹೆಚ್ಚು. ಹೆಸರು ಹೋದ ಜೀವಿಯನ್ನು ಯಾರೂ ಕೇಳುವುದಿಲ್ಲ, ಕಾಣುವುದೂ ಇಲ್ಲ. ಅದು ಇದ್ದಿತ್ತೆಂಬ ನೆನಪೇ ಅಳಿಯುತ್ತದೆ. ಆದುದರಿಂದ ಹೆಸರುಗಳನ್ನು ಬರೆದಿಡುವುದು ಸಣ್ಣ ಕೆಲಸವಲ್ಲ. ಮೀನು ತಿನ್ನದ ಮನೆಯ ಮಕ್ಕಳೂ ಇದರಲ್ಲಿ ಸೇರಬಹುದು. ಅರಿವಿಗೆ ಮಡಿ ಮೈಲಿಗೆಯಿಲ್ಲ.

ತಾಯ್ತಂದೆಯರಲ್ಲಿ ಒಂದು ಮಾತು

"ಮೀನಿನ ಮರಿಗೆ ಈಜು ಕಲಿಸಬೇಕೆ?" ಎಂದು ಗಾದೆ ಕೇಳುತ್ತದೆ. ಈಗ ಕಲಿಸಬೇಕಾದ ಕಾಲ ಬಂದಿದೆ. ಕಡಲ ತಡಿಯ ಮನೆಗಳಿಂದ ಬರುವ ಮಕ್ಕಳಲ್ಲಿ ಕೆಲವರು ತಂದೆಯ ಉದ್ಯೋಗವೇನೆಂದು ಕೇಳಿದರೆ ದನಿ ತಗ್ಗಿಸುತ್ತಾರೆ. ಮೀನಿನ ವಾಸನೆಯ ನೆಪದಲ್ಲಿ ಪಕ್ಕದ ಮಕ್ಕಳು ಮೂಗು ಮುಚ್ಚಿ ನಗುವುದೂ ಉಂಟು. ಇದು ನಮ್ಮೆಲ್ಲರಿಗೂ ನಾಚಿಕೆಯ ವಿಷಯ. 2018ರ ಆಗಸ್ಟ್ ತಿಂಗಳಲ್ಲಿ ಕೇರಳ ನೆರೆಯಲ್ಲಿ ಮುಳುಗಿದಾಗ ಕರೆಯುವ ಮೊದಲೇ ದೋಣಿಗಳನ್ನು ಲಾರಿಗೇರಿಸಿಕೊಂಡು ಹೋಗಿ, ಮನೆಗಳ ಮಾಡಿನ ಮೇಲೆ ಸಿಕ್ಕಿಬಿದ್ದ ಸಾವಿರಾರು ಜನರನ್ನು ಬದುಕಿಸಿದವರು ಇದೇ ಮೀನುಗಾರರು. ಅದರ ಹಿಂದಿನ ವರ್ಷವಷ್ಟೇ, 2017ರ ನವೆಂಬರ್ ಕೊನೆಯಲ್ಲಿ, ಓಖಿ ಚಂಡಮಾರುತಕ್ಕೆ ಸಿಲುಕಿ ದಕ್ಷಿಣದ ಕರಾವಳಿಯ ಅನೇಕ ಮೀನುಗಾರರು ಕಡಲಿನಿಂದ ಹಿಂದಿರುಗಲಿಲ್ಲ. ತಮ್ಮವರನ್ನು ಕಳೆದುಕೊಂಡ ಕಡಲ ತಡಿಯೇ ಪರರನ್ನು ಉಳಿಸಲು ಓಡಿತು. ಇಂಥ ಉದ್ಯೋಗವನ್ನು ಹೇಳಲು ದನಿ ಏಕೆ ತಗ್ಗಬೇಕು?

ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗಲಿ ಎಂದು ಬಯಸುವುದು ತಪ್ಪಲ್ಲ. ಕಡಲಿನ ದುಡಿಮೆಯ ಕಷ್ಟ ಅದನ್ನು ಉಂಡವರಿಗೇ ಗೊತ್ತು. ಕಡಲ್ಕೊರೆತಕ್ಕೆ ಅಂಗಳವನ್ನೇ ಕಳೆದುಕೊಂಡ ಮನೆಗಳೂ ನಮ್ಮಲ್ಲಿವೆ. ಆದರೆ ಅಜ್ಜನ ತಿಳಿವಳಿಕೆಯನ್ನು ಮಗು ಕಳೆದುಕೊಳ್ಳಬೇಕಾಗಿಲ್ಲ. ನಾಳೆ ಅದೇ ಮಗು ಸಾಗರ ವಿಜ್ಞಾನವನ್ನು ಓದಿದರೆ ಆ ತಿಳಿವಳಿಕೆ ಅದಕ್ಕೆ ಬಂಡವಾಳವಾದೀತು. ಇಂದು ರಾತ್ರಿ ಊಟದ ಹೊತ್ತಿಗೆ ಮಗು ನಿಮ್ಮನ್ನು ಕಡಲಿನ ಬಗ್ಗೆ ಏನಾದರೂ ಕೇಳಿದರೆ, "ಸುಮ್ಮನೆ ಓದಿಕೋ" ಎಂದು ಗದರಬೇಡಿ. ಅದು ಕೇಳುತ್ತಿರುವುದೇ ಪಾಠ.

ಅಭ್ಯಾಸ

1. ನಿಮ್ಮ ಮನೆಯ ಅಥವಾ ನೆರೆಯ ಹಿರಿಯರನ್ನು ಕೇಳಿ ಇಪ್ಪತ್ತು ಮೀನುಗಳ ಹೆಸರನ್ನು ಬರೆಯಿರಿ. ಪ್ರತಿಯೊಂದಕ್ಕೂ ಎರಡು ಭಾಷೆಗಳ ಹೆಸರುಗಳಿರಲಿ.
2. ಮನೆಗೆ ತಂದ ಬೂತಾಯಿ ಅಥವಾ ಬಂಗುಡೆಗಳಲ್ಲಿ ಹತ್ತನ್ನು ಅಳೆದು ಸರಾಸರಿ ಉದ್ದವನ್ನು ಕಂಡುಹಿಡಿಯಿರಿ. ಅದು ಗೊತ್ತುಪಡಿಸಿದ ಅಳತೆಗಿಂತ ಹೆಚ್ಚೋ ಕಡಿಮೆಯೋ?
3. ಮಳೆಗಾಲದಲ್ಲಿ ಬೂತಾಯಿಗೆ ಆಹಾರ ಹೆಚ್ಚುವುದು ಹೇಗೆ? ಚಿತ್ರ ಬರೆದು ವಿವರಿಸಿರಿ.
4. ಕನ್ನಡದ ಬಕಾರ ಮಲಯಾಳದಲ್ಲಿ ವಕಾರವಾಗುವುದಕ್ಕೆ ಇನ್ನೂ ಐದು ಉದಾಹರಣೆ ಕೊಡಿರಿ.
5. ರಂಪಣಿ ಎಳೆದವರನ್ನು ಅಥವಾ ಎಳೆಯುವುದನ್ನು ಕಂಡವರನ್ನು ಮಾತನಾಡಿಸಿ, ಅವರು ಹೇಳಿದುದನ್ನು ಅವರದೇ ಮಾತಿನಲ್ಲಿ ಒಂದು ಪುಟ ಬರೆಯಿರಿ. ಚೆನ್ನಾಗಿರುವ ಬರಹಗಳನ್ನು ಮುಂದಿನ ವರ್ಷದ ಸಂಚಿಕೆಗೆ ಕೊಡಬಹುದು.